ಮುಖವಾಡದ ಒಳಮಗ್ಗುಲು

ಮುಖವಾಡದ ಮೇಸ್ತ್ರಿಯ ಮನೆಗೆ ಕಳ್ಳರ ಕಾಟವಿರಲಿಲ್ಲ. ಒಮ್ಮೆ ಬಂದಿದ್ದ ಒಬ್ಬನೂ ಕಿಟಕಿಯಲ್ಲಿ ಇಣುಕಿ, ಗೋಡೆಯ ತುಂಬ ತನ್ನನ್ನೇ ನೋಡುತ್ತಿದ್ದ ಮುಖಗಳನ್ನು ಕಂಡು, ಕದಿಯುವ ಕಸುಬನ್ನೇ ಬಿಟ್ಟು ಎಲ್ಲೋ ಕಾವಲುಗಾರನಾಗಿ ಸೇರಿಕೊಂಡನಂತೆ. ಈ ಸುದ್ದಿ ಹಬ್ಬಿಸಿದವನು ಸ್ವತಃ ಮೇಸ್ತ್ರಿಯಾದ್ದರಿಂದ ಅರ್ಧ ನಂಬಿದರೆ ಸಾಕು.

ಆತ ನಾಟಕ ಕಂಪನಿಗಳಿಗೆ ಕಾಗದದ ಮುಖವಾಡ ಮಾಡಿಕೊಡುವವನು. ಹಳೆಯ ಪತ್ರಿಕೆಗಳನ್ನು ಹರಿದು, ಅಂಟಿನಲ್ಲಿ ಅದ್ದಿ, ಅಚ್ಚಿನ ಮೇಲೆ ಪದರಪದರವಾಗಿ ಮೆತ್ತಿ ಒಣಗಿಸುವುದು, ಆಮೇಲೆ ಬಣ್ಣ ಬಳಿಯುವುದು. ಅಚ್ಚು ಮಾತ್ರ ಒಂದೇ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಖದಿಂದ ತೆಗೆದದ್ದು. ರಾಜನಿಗೆ ಮೀಸೆ, ರಾಕ್ಷಸನಿಗೆ ಕೋರೆಹಲ್ಲು, ಮುದುಕಿಗೆ ಸುಕ್ಕು ಅಂಟಿಸಿದರೂ ಬುಡದಲ್ಲಿ ಇರುತ್ತಿದ್ದದ್ದು ಆಕೆಯ ತುಂಬುಗೆನ್ನೆಗಳೇ.

"ನಿನ್ನ ರಾಕ್ಷಸನ್ನ ನೋಡಿದ್ರೆ ಅತ್ತಿಗೆ ನೆನಪಾಗ್ತಾರಲ್ಲಯ್ಯ" ಎಂದು ಕಂಪನಿಯ ಮ್ಯಾನೇಜರು ಅಂದಾಗ, ಆಕೆ ಒಳಗಿನಿಂದಲೇ, "ಪಾಪ, ಆ ರಾಕ್ಷಸನಿಗೆ ಯಾಕೆ ಬೇಜಾರು ಮಾಡ್ತೀರಿ, ಬಿಡಿ" ಎಂದಿದ್ದಳು.

ಅಂಥ ಹೆಂಗಸು ಕರಗತೊಡಗಿದಳು. ಮೊದಲು ಪಾತ್ರೆ ತೊಳೆಯುವಾಗ ಬೆರಳಿನ ಉಂಗುರ ಜಾರಿ ಮೋರಿ ಸೇರಿತು. ಬಾಯಲ್ಲಿ ಹುಣ್ಣು, ಉಂಡರೆ ಹೊಟ್ಟೆ ನಗಾರಿ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಫ್ಯಾನು ಜೋರಾಗಿ ಹಾಕಿದರೆ ಇವಳನ್ನು ಪಕ್ಕದ ಮನೆಯಿಂದ ಹುಡುಕಿ ತರಬೇಕಾಗುತ್ತದೆ ಎಂದು ಮೇಸ್ತ್ರಿ ತಮಾಷೆ ಮಾಡುತ್ತಿದ್ದ. ಒಂದು ಸಂಜೆಯಿಂದ ಆ ತಮಾಷೆಯೂ ನಿಂತಿತು.

ಮಾಡಿದ ಮುಖವಾಡವನ್ನೆಲ್ಲ ಅರ್ಧ ಒಣಗಿರುವಾಗಲೇ ಹೆಂಡತಿ ಹಾಕಿ ನೋಡಬೇಕು. ಕಣ್ಣಿನ ತೂತು ಸರಿಯಿದೆಯೇ, ಉಸಿರು ಆಡುತ್ತದೆಯೇ ಎಂದು ಹೇಳಬೇಕು. ಅದು ಆ ಮನೆಯ ಪದ್ಧತಿ. ಆಕೆಯದೇ ಮುಖದ ಅಚ್ಚಾದ್ದರಿಂದ ಇಷ್ಟು ವರ್ಷ ಎರಡನೆಯ ಚರ್ಮದ ಹಾಗೆ ಕೂರುತ್ತಿತ್ತು. ಆ ಸಂಜೆ ರಾಣಿಯ ಮುಖವಾಡ ಹಾಕಿ ಆಕೆ ಕಿಟಕಿಗೆ ಬೆನ್ನು ಮಾಡಿ ನಿಂತಾಗ, ಕೆನ್ನೆಗೂ ಕಾಗದಕ್ಕೂ ನಡುವೆ ಬೆಳಕು ನುಗ್ಗಿತು. ಮುಖವಾಡಕ್ಕೆ ಮುಖ ಸಾಲದೇ ಬಂದಿತ್ತು.

ಮೇಸ್ತ್ರಿ ಗೋಡೆಯತ್ತ ತಿರುಗಿದ. ಅಲ್ಲಿದ್ದ ಮುಖಗಳೆಲ್ಲ ದುಂಡಗೆ, ತೃಪ್ತಿಯಾಗಿ ಉಂಡೆದ್ದವರಂತೆ ಕಂಡವು. ಒಣಗುವ ಕಾಗದ ಬಿಗಿಯುವಾಗ ಟಕ್ ಟಕ್ ಎನ್ನುವುದು ಅವನಿಗೆ ಹೊಸದಲ್ಲ. ಅಂದು ಮಾತ್ರ ಅದು ಹಲ್ಲಿನ ಸದ್ದಿನಂತೆ ಕೇಳಿತು.

ಮಾರನೆಯ ದಿನವೇ ಆಸ್ಪತ್ರೆಗೆ ಹೋದರು. ಜೊತೆಗೆ ಹೆಂಡತಿಯ ತಂಗಿ, ಅವನ ನಾದಿನಿಯೂ ಬಂದಳು. ರಕ್ತ ತೆಗೆದರು, ಗಂಟಲಿಗೆ ಕೊಳವೆ ಇಳಿಸಿ ಕರುಳಿನಿಂದ ಚಿಟಿಕೆಯಷ್ಟು ಚಿವುಟಿ ಪರೀಕ್ಷೆಗೆ ಕಳಿಸಿದರು. ವರದಿ ಎಲ್ಲ ಬಂದ ಮೇಲೆ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು:

"ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಶ ಇರುತ್ತೆ. ಹಿಟ್ಟು ನಾದಿದಾಗ ಜಿಗಿ ಬರುತ್ತಲ್ಲ, ಅದು ಇದರಿಂದಾನೇ. ಇವರ ಮೈ ಅದನ್ನ ಕಂಡ್ರೆ ತನ್ನ ಕರುಳಿನ ಮೇಲೇ ಜಗಳಕ್ಕೆ ಬೀಳುತ್ತೆ. ಕರುಳಿನ ಒಳಗಡೆ ಮಖಮಲ್ ಬಟ್ಟೆ ಥರ ಎಳೆಗಳಿರ್ತವೆ, ಊಟದ ಸಾರ ಹೀರೋದು ಅವು. ಇವರದು ಸವೆದು ನುಣ್ಣಗಾಗಿಬಿಟ್ಟಿದೆ."

"ಎಷ್ಟು ಕಡಿಮೆ ಮಾಡ್ಬೇಕು ಡಾಕ್ಟ್ರೇ?"

"ಕಡಿಮೆ ಅಲ್ಲ ಯಜಮಾನ್ರೇ, ಪೂರ್ತಿ ಬಿಡ್ಬೇಕು. ಬಾರ್ಲಿ ಕೂಡ. ಬ್ರೆಡ್ಡಿನ ಪುಡಿ ಬಿದ್ರೂ ಸಾಕು, ಒಳಗೆ ಗಲಾಟೆ ಶುರು. ಹೀಗೇ ಮುಂದುವರಿದ್ರೆ ರಕ್ತ ಬತ್ತುತ್ತೆ, ಮೂಳೆ ಟೊಳ್ಳಾಗುತ್ತೆ. ಇವರಲ್ಲಿ ಬತ್ತೋಕೆ ಇನ್ನು ಜಾಸ್ತಿ ಉಳಿದಿಲ್ಲ."

"ಅಂದ್ರೆ ಗೋಧಿ ಎಲ್ರಿಗೂ ವಿಷಾನೇ ಅನ್ನಿ" ಎಂದಳು ನಾದಿನಿ.

"ಎಲ್ರಿಗೂ ಅಲ್ಲಮ್ಮ. ಹೆಚ್ಚಿನವರಿಗೆ ಅದು ಏನೂ ಮಾಡಲ್ಲ. ಆದ್ರೆ ನೀವು ಒಡಹುಟ್ಟಿದವರು, ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ."

ನಾದಿನಿಯ ರಕ್ತದಲ್ಲಿ ಏನೂ ಸಿಗಲಿಲ್ಲ. ಆ ನಿರಾಸೆಯನ್ನೆಲ್ಲ ಆಕೆ ಅಕ್ಕನ ಅಡುಗೆಮನೆಯ ಮೇಲೆ ತೀರಿಸಿಕೊಂಡಳು. ಹಿಟ್ಟಿನ ಡಬ್ಬ, ಬಿಸ್ಕತ್ತು, ಶಾವಿಗೆ, ಜರಡಿ, ಲಟ್ಟಣಿಗೆ ಎಲ್ಲ ಹೊರಗೆ ಹೋದವು. ಗೋಧಿಬಣ್ಣದ ಪರದೆಯೊಂದು ತೂಗುತ್ತಿತ್ತು, ಅದನ್ನೂ ಕಿತ್ತುಹಾಕಿದಳು.

ತಿಂಗಳುಗಟ್ಟಲೆ ಆ ಮನೆಯಲ್ಲಿ ಗೋಧಿಯ ಸೊಲ್ಲಿಲ್ಲ. ಆದರೂ ಆಕೆ ಸೊರಗುತ್ತಲೇ ಹೋದಳು. ಎರಡನೆಯ ಸಲ ರಕ್ತ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಅಮ್ಮ, ನೀವು ಇನ್ನೂ ಎಲ್ಲೋ ಗೋಧಿ ತಿಂತಿದೀರಿ."

ಮನೆಗೆ ಬಂದದ್ದೇ ಮೇಸ್ತ್ರಿ ಹೆಂಡತಿಯ ಬಟ್ಟೆಯ ಪೆಟ್ಟಿಗೆ ತಡಕಿದ, ದಿಂಬು ಒದರಿದ.

"ಏನು ಹುಡುಕ್ತಿದೀರಿ?"

"ಬನ್ನು."

"ದಿಂಬಲ್ಲಿ?"

"ನೀನು ಎಲ್ಲಿಡ್ತೀಯೋ ನಂಗೇನು ಗೊತ್ತು. ಕದ್ದು ತಿನ್ನೋರು ಹೇಳಿ ಇಡ್ತಾರಾ?"

ಆಕೆ ಗೋಡೆಗೊರಗಿ ಕುಳಿತಳು. "ರೀ, ಬದುಕ್ಬೇಕು ಅಂತ ನಿಮಗಿಂತ ನನಗೆ ಆಸೆ ಇದೆ. ನನ್ನ ಹೊಟ್ಟೆಗೆ ಯಾರು ಹಾಕ್ತಿದಾರೋ ನನಗೆ ಗೊತ್ತಿಲ್ಲ."

ಯಾರು ಹಾಕುತ್ತಿದ್ದಾರೆ ಎಂಬ ಆ ಮಾತು ಮೇಸ್ತ್ರಿಯ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಆತ ಹೆಂಡತಿಯನ್ನು ನೆರಳಿನಂತೆ ಕಾಯತೊಡಗಿದ. ಆಕೆ ಅನ್ನ, ಬೇಳೆ, ಹಣ್ಣು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಒಂದು ಮುಸ್ಸಂಜೆ ಪೇಟೆಯಿಂದ ಬಣ್ಣ ಕೊಂಡು ಬಂದವನು ಕೆಲಸದ ಕೋಣೆಯ ಬಾಗಿಲಲ್ಲಿ ಹಾಗೇ ನಿಂತ. ಒಳಗೆ ದೀಪ ಹಾಕಿರಲಿಲ್ಲ. ಹೆಂಡತಿ ಮುದುಕನ ಹಸಿ ಮುಖವಾಡ ತೊಟ್ಟು ಮಣೆಯ ಮೇಲೆ ಕುಳಿತಿದ್ದಳು. ಇನ್ನೂ ಬಣ್ಣ ಕಾಣದ ಆ ಬಿಳಿಚು ಮುಖದ ತುಟಿಗಳು ಅಲುಗುತ್ತಿದ್ದವು. ಬಾಯ ತೂತಿನಿಂದ ನಾಲಿಗೆಯ ತುದಿ ಹೊರಬಂದು ಅಂಚನ್ನು ಮೆಲ್ಲಗೆ, ಒಂದು ಸುತ್ತು ನೆಕ್ಕಿತು. ಒಳಗೆ ಹೋಯಿತು. ಮತ್ತೆ ಬಂತು.

ಮೇಸ್ತ್ರಿ ಎರಡು ಹೆಜ್ಜೆ ಒಳಗಿಟ್ಟ. "ಏನೇ ಮಾಡ್ತಿದೀಯ?"

"ಅಂಚು ನಯ ಮಾಡ್ತಾ ಇದೀನಿ" ಎಂದಿತು ಮುದುಕನ ಬಾಯಿ, ಹೆಂಡತಿಯ ದನಿಯಲ್ಲಿ. "ಒಣಗಿದ ಮೇಲೆ ನಟರ ತುಟಿ ಕುಯ್ಯುತ್ತಲ್ಲ. ಯಾವತ್ತೂ ಮಾಡೋದೇ. ನಿಮ್ಗೆ ಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ತನ್ನ ಮುಖವಾಡಗಳ ತುಟಿಯಂಚು ಯಾಕೆ ಅಷ್ಟು ನಯ ಎಂದು ಕಂಪನಿಯವರು ಕೇಳಿದಾಗಲೆಲ್ಲ ಕೈಗುಣ ಎಂದು ಎದೆಯುಬ್ಬಿಸಿದ್ದ. ಈಗ ಅವನ ಕಣ್ಣು ಮೂಲೆಯ ಅಂಟಿನ ಹಂಡೆಯ ಮೇಲೆ ಬಿತ್ತು. ಪಕ್ಕದಲ್ಲಿ ಮೈದಾ ಚೀಲ. ಇಷ್ಟು ವರ್ಷ ಆ ಮೈದಾವನ್ನು ನೀರಿನಲ್ಲಿ ಕುದಿಸಿ ಅಂಟು ಕಾಸಿದವನು ತಾನೇ. ಮೈದಾ ಎಂದರೆ ಗೋಧಿ ಎಂದು ಅಡುಗೆಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಈ ಕೋಣೆಯಲ್ಲಿ ಮಾತ್ರ ಅದು ಸುಣ್ಣ, ಗೋಂದಿನ ಜಾತಿಗೆ ಸೇರಿಹೋಗಿತ್ತು.

ಆತ ಎರಡೂ ಕೈಯಿಂದ ಮುಖವಾಡವನ್ನು ಕಳಚಿದ. ಒಳಗಿನಿಂದ ಹೊರಬಂದ ಮುಖ ಅದಕ್ಕಿಂತ ಮುದಿಯಾಗಿತ್ತು. ತುಟಿಯ ಮೇಲೆ ಬಿಳಿ ಅಂಟು.

"ಉಗಿ" ಎಂದ. "ಬಾಯಿ ತೊಳ್ಕೋ. ಇನ್ಮೇಲೆ ಈ ಹೊಸ್ತಿಲು ದಾಟ್ಬೇಡ."

ಮರುದಿನ ಹಿತ್ತಿಲ ತೊಟ್ಟಿಗೆ ನೀರು ತುಂಬಿಸಿ ಗೋಡೆಯ ಮುಖಗಳನ್ನೆಲ್ಲ ಇಳಿಸಿದ. ಅವು ಮುಳುಗಲು ಒಪ್ಪಲಿಲ್ಲ. ಹೆಂಡತಿಯ ಹರೆಯದ ಮುಖ ರಾಶಿರಾಶಿಯಾಗಿ ಆಕಾಶ ನೋಡುತ್ತ ತೇಲಿತು, ಕೆನ್ನೆಗಳು ಊದಿಕೊಂಡವು, ಬಾಯಿಗಳಿಂದ ಗುಳುಗುಳು ಗುಳ್ಳೆ ಎದ್ದವು. ಆತ ಕೋಲಿನಿಂದ ಒಂದೊಂದನ್ನೇ ಒತ್ತಿ ಹಿಡಿಯುತ್ತಿದ್ದರೆ, ಆಕೆ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು.

"ಮೆತ್ತಗೆ ಒತ್ರೀ. ನಂಗೆ ಉಸಿರು ಕಟ್ಟಿದ ಹಾಗಾಗ್ತಿದೆ."

ಆಮೇಲೆ ಕೋಣೆ ತೊಳೆದು ಸುಣ್ಣ ಹೊಡೆಸಿದ್ದಾಯಿತು, ಮೈದಾ ಬದಲು ಮರಗೆಣಸಿನ ಹಿಟ್ಟಿನ ಅಂಟು ಬಂತು. ಮುಂದಿನ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆಯಲಿಲ್ಲ, ನಕ್ಕರು. ವರ್ಷ ಕಳೆಯುವುದರೊಳಗೆ ಆಕೆ ಮೆಟ್ಟಿಲು ಹತ್ತಿ, ಮೇಲಿನಿಂದಲೇ ತಂಗಿಯನ್ನು ಬೈಯುವಷ್ಟಾದಳು. ಆದರೆ ಮುಖವಾಡ ಮುಟ್ಟಲು ಮೇಸ್ತ್ರಿ ಬಿಡಲಿಲ್ಲ. ಈಗ ಹಾಕಿ ನೋಡುವವನು ಅವನೇ.

ಮೊದಲ ಸಲ ಹಸಿ ಮುಖವಾಡ ತೊಟ್ಟಾಗ ಒಳಗೆ ಕತ್ತಲು, ತನ್ನದೇ ಬಿಸಿಯುಸಿರು. ತುಟಿಗೆ ಅಂಚು ಚುಚ್ಚುತ್ತಿತ್ತು. ಬೇಡ ಬೇಡವೆಂದುಕೊಳ್ಳುತ್ತಿದ್ದಂತೆಯೇ ಅವನ ನಾಲಿಗೆ ತಾನೇ ಎದ್ದು ಅತ್ತ ಹೋಯಿತು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬೇಕೆನ್ನಿಸಿತು.

"ಊಟಕ್ಕೆ ಬರ್ತೀರಾ" ಎಂದಳು ಹೆಂಡತಿ ಹೊಸ್ತಿಲಾಚೆಯಿಂದ, "ಇಲ್ಲಾ ಅಲ್ಲೇ ಮೇಯ್ತೀರಾ?"