ಬಚ್ಚಲ ಒಲೆಯ ಪಕ್ಕದಲ್ಲಿಟ್ಟ ಬೀಜ

ಚಳಿ ಎಷ್ಟಿದೆ ಎಂದು ತಿಳಿಯಲು ನಾನು ತೆಂಗಿನೆಣ್ಣೆಯ ಬಾಟಲಿ ನೋಡುತ್ತೇನೆ. ಆ ಜನವರಿಯ ಬೆಳಿಗ್ಗೆ ಎಣ್ಣೆ ಕುತ್ತಿಗೆಯವರೆಗೂ ಬಿಳಿಯಾಗಿ ಗಟ್ಟಿಯಾಗಿತ್ತು. ಚಮಚದ ಹಿಡಿಯಿಂದ ಕೆರೆದು ಒಗ್ಗರಣೆಗೆ ಹಾಕಿದೆ. ನಾರಾವಿಯ ಕಡೆ, ಘಟ್ಟದ ಬುಡದಲ್ಲಿ ನಾನು ಸೊಸೆಯಾಗಿ ಬಂದ ಮನೆ. ಗದ್ದೆಯ ಮೇಲಿನ ಮಂಜು ಒಂಬತ್ತು ಗಂಟೆಯಾದರೂ ಏಳಲಿಲ್ಲ. ನಾಯಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿದ್ದು ಗಂಜಿಗೆ ಕರೆದರೂ ಬರಲಿಲ್ಲ.

ಮಾವ ಮಾತ್ರ ಮನೆಯ ಮುಂದಿನ ಚಾವಡಿಯ ಮೂಲೆಯಲ್ಲಿದ್ದ ಗೋಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಅದರೊಳಗೆ ಕೊಳಕೆಗೆ, ಅಂದರೆ ವರ್ಷದ ಮೂರನೆಯ ಬೆಳೆಗೆ, ನೆನೆಸಿ ಮೊಳಕೆಗಿಟ್ಟ ಭತ್ತ. ಹಿಂದಿನ ವರ್ಷ ಹಂದಿ ನುಗ್ಗಿ, ನವಿಲು ಇಳಿದು, ಕೊನೆಗೆ ಬೀಜಕ್ಕೆ ಉಳಿದದ್ದು ಗೋಣಿಯ ಅರ್ಧವೂ ತುಂಬದ ಕಾಲು ಮುಡಿ. ಮಾವನ ತಂದೆಯ ಕಾಲದಿಂದ ಬಂದ ಈ ಕೆಂಪು ಭತ್ತ ಸುತ್ತ ಯಾರ ಮನೆಯಲ್ಲೂ ಈಗ ಇಲ್ಲ. ಇದು ಮೊಳೆಯದಿದ್ದರೆ ಆ ತಳಿ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೆಯ ದಿನಕ್ಕೆ ಗೋಣಿಯೊಳಗೆ ಬಿಸಿ ಹುಟ್ಟಬೇಕು. ಮಾವ ಮೊಣಕೈವರೆಗೆ ಕೈ ತೂರಿಸಿ ತೆಗೆದರು.

"ಬಾವಿಗೆ ಕೈ ಹಾಕಿದ ಹಾಗೆ ಉಂಟು," ಎಂದರು.

"ನಿಮ್ಮ ಕೈಯೇ ತಣ್ಣಗೆ ಉಂಟು ಮಾರಾಯ್ರೆ. ಅದಕ್ಕೂ ಚಳಿ ಹಿಡಿಸ್ಬೇಡಿ," ಎಂದರು ಅತ್ತೆ.

ಮಾವ ನಗಲಿಲ್ಲ. ಮಧ್ಯಾಹ್ನ ಗಂಜಿಯನ್ನೂ ಅರ್ಧಕ್ಕೇ ಬಿಟ್ಟು, ಗದ್ದೆಗೆ ನೀರು ಬಿಡಲು ಹೋದರು.

ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ನಮ್ಮಿಂದ ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ಇಡಿಸಿ ಅವರೆಕಾಳು ಮೊಳೆಸಿದ್ದರು. ಬೀಜಕ್ಕೆ ನೀರು ಬೇಕು, ಗಾಳಿ ಬೇಕು, ಬೆಚ್ಚಗೆ ಇರಬೇಕು. ನೀರು ಗಾಳಿ ಇದ್ದವು, ಬೆಚ್ಚಗಿರಲಿಲ್ಲ. ನಾನು ಗೋಣಿಯನ್ನು ಎಳೆದುಕೊಂಡು ಹೋಗಿ ಬಚ್ಚಲ ಒಲೆಯ ಪಕ್ಕದ ಗೋಡೆಗೆ ಒರಗಿಸಿದೆ. ಅಲ್ಲಿ ಹಂಡೆಯ ಬಿಸಿ ಹಿತವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ತಿರುಗಿಸಿ ಇಡುವ ಎಂದುಕೊಂಡು ಒಳಗೆ ಬಂದು ಕಾಲಿಗೆ ಕಂಬಳಿ ಹಾಕಿಕೊಂಡೆ. ಅಷ್ಟೇ ನೆನಪು.

ಅತ್ತೆಗೆ ಗೋಣಿಯ ವಿಷಯ ಗೊತ್ತಿರಲಿಲ್ಲ. ಮಾವ ತಣ್ಣೀರಿನಲ್ಲಿ ನಿಂತು ಬರುತ್ತಾರೆಂದು ಅವರು ಒಲೆಗೆ ತೆಂಗಿನ ಸಿಪ್ಪೆ ತುಂಬಿಸಿ ಧಗಧಗ ಉರಿ ಮಾಡಿದ್ದರು. ನನ್ನನ್ನು ಎಬ್ಬಿಸಿದ್ದು ವಾಸನೆ. ಕುಚ್ಚಲಕ್ಕಿಗೆ ಭತ್ತ ಬೇಯಿಸುವಾಗ ಬರುವ ಅದೇ ವಾಸನೆ. ಓಡಿ ಹೋಗಿ ನೋಡಿದರೆ ಗೋಣಿಯ ಒಂದು ಬದಿಯಿಂದ ಹಬೆ ಏಳುತ್ತಿತ್ತು.

ಎಳೆದು ಅಂಗಳಕ್ಕೆ ತಂದೆ. ಅಷ್ಟರಲ್ಲಿ ಮಾವ ಕೆಸರು ಕಾಲಿನಲ್ಲಿ ಎದುರಿಗೇ ಬಂದರು. ಸುಳ್ಳು ಹೇಳಲು ಸಮಯವೂ ಇರಲಿಲ್ಲ.

"ಮಾವ, ನಾನೇ ಒಲೆಯ ಹತ್ತಿರ ಇಟ್ಟದ್ದು. ನಿದ್ದೆ ಬಂತು."

ಅವರು ಒಂದು ಕಾಳು ಹಲ್ಲಿಗೆ ಕೊಟ್ಟು ನೋಡಿದರು. ತುಂಬ ಹೊತ್ತು ಅಗಿದರು.

"ಇನ್ನು ಒಣಗಿಸಿ ಮಿಲ್ಲಿಗೆ ಹಾಕಿದ್ರೆ ಆಯ್ತು. ಕುಚ್ಚಲು ಸರಿ ಬೆಂದಿದೆ ಮಗಾ."

ನನ್ನ ಕಣ್ಣು ತುಂಬಿತು. ಅತ್ತೆ ಒಳಗಿಂದ ಭತ್ತ ಕೇರುವ ಗೆರಸೆ ತಂದು ಮಾವನ ಮುಂದೆ ಕುಕ್ಕಿದರು. "ಉರಿ ಹಾಕಿದ್ದು ನಾನು. ಅವಳನ್ನು ಯಾಕೆ ಅಳಿಸುವುದು? ಆಚೆ ಬದಿಯದ್ದು ನೋಡಿದ್ರಾ ನೀವು?"

ಒಲೆಯ ಕಡೆಯ ಭತ್ತ ಪೂರ್ತಿ ಹೋಗಿತ್ತು. ಆಚೆ ಬದಿಯದ್ದು ತಣ್ಣಗೇ ಇತ್ತು. ನಡುವಿನದ್ದು ಯಾವುದು ಬೆಂದಿದೆ, ಯಾವುದು ಇಲ್ಲ ಎಂದು ನೋಡಿ ಹೇಳುವ ಹಾಗಿರಲಿಲ್ಲ. ಮೂವರೂ ಬಚ್ಚಲ ಬಾಗಿಲಲ್ಲಿ ಕೂತು ಒಂದೊಂದೇ ಕಾಳು ಉಗುರಿನಲ್ಲಿ ಒತ್ತಿ ನೋಡಿದೆವು. ಮೆತ್ತಗಾದದ್ದು ಕೋಳಿಗೆ, ಗಟ್ಟಿ ಇದ್ದದ್ದು ಗೆರಸೆಗೆ. ನನ್ನ ಉಗುರಿಗೆ ಹೊಟ್ಟು ಚುಚ್ಚಿದಾಗ ಮಾವ ಸದ್ದಿಲ್ಲದೆ ನನ್ನ ಪಾಲಿನ ರಾಶಿಯಿಂದ ಒಂದು ಹಿಡಿ ತಮ್ಮ ಕಡೆಗೆ ಎಳೆದುಕೊಂಡರು.

"ಮದುವೆಯಾದ ಮೇಲೆ ಇವರು ನನ್ನ ಹತ್ತಿರ ಇಷ್ಟು ಹೊತ್ತು ಕೂತದ್ದು ಇದೇ ಮೊದಲು," ಎಂದರು ಅತ್ತೆ.

"ಕೂರಿಸ್ಲಿಕ್ಕೆ ಭತ್ತ ಸುಡಬೇಕಾಯ್ತಲ್ಲ," ಎಂದರು ಮಾವ.

ಕತ್ತಲಾಗುವ ಮೊದಲು ಮಾವ ಉಳಿದದ್ದಕ್ಕೆ ಉಗುರುಬೆಚ್ಚಗಿನ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿದರು. ಅದರ ಮೇಲೆ ಅತ್ತೆಯ ಉಣ್ಣೆಯ ಶಾಲನ್ನು ಕೇಳದೆಯೇ ಎಳೆದು ಸುತ್ತಿದರು.

"ನನಗೆ?" ಎಂದರು ಅತ್ತೆ.

"ನೀನು ಮೊಳೆಯಲಿಕ್ಕಿಲ್ಲ ಅಲ್ವಾ?"

ಮರುದಿನ ಬೆಳಿಗ್ಗೆ ಮಾವ ನನ್ನ ಕೈ ಹಿಡಿದು ಆ ಗಂಟಿನೊಳಗೆ ತೂರಿಸಿದರು. ಒಳಗೆ ಬೆಚ್ಚಗಿತ್ತು. ಕಾಳುಗಳ ತುದಿ ಅಂಗೈಗೆ ತರಿತರಿಯಾಗಿ ತಾಗಿತು. ಹೊರಗೆ ತೆಗೆದು ನೋಡಿದರೆ ಅಕ್ಕಿನುಚ್ಚಿನಷ್ಟು ಬಿಳಿ ಮೊಳಕೆ. ಎಲ್ಲದಕ್ಕೂ ಅಲ್ಲ, ಆದರೆ ಹೆಚ್ಚಿನದಕ್ಕೆ.

"ಈ ಸಲ ಊಟಕ್ಕಿಲ್ಲ. ಬೆಳೆದದ್ದೆಲ್ಲ ಬೀಜಕ್ಕೆ," ಎಂದರು ಮಾವ. ಗಂಟನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. "ಬಾ ಮಗಾ, ಮೊದಲ ಹಿಡಿ ನೀನೇ ಹಾಕು."

ಗದ್ದೆಯ ನೀರಿಗೆ ಕಾಲಿಟ್ಟಾಗ ಚಳಿಗೆ ನನ್ನ ಹಲ್ಲು ಕಟಕಟ ಎಂದಿತು. ಬಿತ್ತಿ ಗೊತ್ತಿಲ್ಲದ ನನ್ನ ಕೈಯಿಂದ ಬೀಜ ಒಂದೇ ಕಡೆ ಮುದ್ದೆಯಾಗಿ ಬಿತ್ತು.

"ಕೋಳಿಗೆ ಹಾಕಿದ ಹಾಗೆ ಅಲ್ಲ, ಬೆರಳು ಬಿಡು," ಎಂದು ಬದುವಿನಿಂದ ಮಾವ ಕೂಗಿದರು.

ನಾನು ಬೆರಳು ಬಿಟ್ಟೆ.