ಕೊರಳಲ್ಲಿ ತೂಗುವ ಸ್ಪ್ಯಾನರ್
ಓಶ್ ಪೇಟೆಯಲ್ಲಿ ಹಳೆಯ ಸೋವಿಯತ್ ಕಾರುಗಳನ್ನು ರಿಪೇರಿ ಮಾಡುವ ತೊಕ್ತೊಸುನ್‌ನ ಕೊರಳಲ್ಲಿ ಸದಾ ಒಂದು ಸ್ಪ್ಯಾನರ್ ತೂಗುತ್ತಿರುತ್ತದೆ. ಮದುವೆಯೂಟಕ್ಕೂ ಅದನ್ನು ತೆಗೆಯುವುದಿಲ್ಲ. ಎಂಜಿನ್ ಶುರುವಾದ ಮೇಲೂ ಅದನ್ನು ಶುರು ಮಾಡುವ ಸ್ಟಾರ್ಟರ್ ಮೋಟಾರು ನಿಲ್ಲದೆ ಕಿರುಚುತ್ತಲೇ ಇದ್ದರೆ ಮೊದಲು ಬ್ಯಾಟರಿ ತಂತಿ ಕಳಚುತ್ತಾನೆ, ಅಂಟಿಕೊಂಡ ಸ್ವಿಚ್ಚನ್ನು ನೋಡುವುದು ಆಮೇಲೆ. ಯಾರ ಕಾರೇ ಆಗಲಿ, ಆ ತಂತಿಯ ನಟ್ಟನ್ನು ಬರಿಗೈಯಲ್ಲಿ ಬಿಚ್ಚುವಷ್ಟು ಸಡಿಲ ಬಿಟ್ಟೇ ಕಳಿಸುತ್ತಾನೆ. "ಅಣ್ಣಾ, ಘಾಟಿಯಲ್ಲಿ ಗಾಡಿ ನಿಂತೋಗುತ್ತೆ, ಬಿಗಿ ಮಾಡು ಮಾರಾಯ" ಎಂದು ಟ್ಯಾಕ್ಸಿಯವರು ರೇಗಿದರೆ, "ನಿಂತ್ರೆ ತಳ್ಳು, ಹೊಟ್ಟೆ ಕರಗುತ್ತೆ" ಎನ್ನುತ್ತಾನೆ. ಕಾರಣವನ್ನು ನಾನು ಒಮ್ಮೆ ಕೇಳಿದೆ. "ನನ್ನ ತಮ್ಮ ಕಾರಲ್ಲಿ ಸುಟ್ಟುಹೋದ ದಿನ ಸ್ಟಾರ್ಟರ್ ನಿಲ್ಲಲಿಲ್ಲ, ಕಾದು ಬೆಂಕಿ ಹತ್ತಿತು; ಬ್ಯಾಟರಿ ತಂತಿ ಕಳಚೋಣ ಅಂದ್ರೆ ನಟ್ಟು ಬಿಗಿಯಾಗಿತ್ತು. ಸ್ಪ್ಯಾನರ್ ಎಲ್ಲಿ ಅಂತ ಕೂಗ್ತಿದ್ದನಂತೆ. ಅದು ನನ್ನ ಜೇಬಲ್ಲಿತ್ತು. ನಾನು ಚಹಾದಂಗಡೀಲಿದ್ದೆ."