ವರ್ನಾಳ ಗಿಡಗಳು ಯಾರವು?

ಮೆಂಡೊಸಿನೊ ಬೆಟ್ಟದ ಮೇಲೆ ಕದ್ದುಮುಚ್ಚಿ ಗಾಂಜಾ ಬೆಳೆದೇ ಕೂದಲು ಬೆಳ್ಳಗಾಗಿಸಿಕೊಂಡ ವರ್ನಾ ಟಿಬೆಟ್ಸ್‌ಗೆ ಕಾನೂನಿನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅದು ಬಂದರೆ ಓಡಬೇಕು. ಈಗ ಕ್ಯಾಲಿಫೋರ್ನಿಯಾ ಸರ್ಕಾರವೇ ‘ಬೆಳೆಯಿರಿ, ಸೇದಿರಿ, ತೆರಿಗೆ ಕಟ್ಟಿರಿ’ ಎಂದುಬಿಟ್ಟಿತ್ತು. ಮುದುಕಿಗೆ ತಲೆ ಗಿರ್ರೆಂದಿತು.

ನಿಯಮಗಳೇನು ಒಂದೇ ಎರಡೇ! ಗಿಡಗಳೆಲ್ಲ ಒಂದೇ ಕಡೆ ಇರಬೇಕು, ಸುತ್ತ ಬೇಲಿ, ಬೇಲಿಗೆ ಬೀಗ. ದಾರಿಹೋಕರ ಕಣ್ಣಿಗೆ ಗಿಡ ಬೀಳಬಾರದು, ಆದರೆ ಕ್ಯಾಮೆರಾದ ಕಣ್ಣು ತಪ್ಪಬಾರದು. ಪ್ರತಿ ಗಿಡಕ್ಕೂ ಸರ್ಕಾರದ ನಂಬರಿರುವ ಪ್ಲಾಸ್ಟಿಕ್ ಪಟ್ಟಿ. ಕ್ಯಾಮೆರಾ ಹಿಡಿದು ಬಂದವರನ್ನೆಲ್ಲ ಬೈದು ಅಟ್ಟಿದ್ದ ವರ್ನಾ ಈಗ ತಾನೇ ಒಂದನ್ನು ಕೊಂಡುತಂದು ಮರಕ್ಕೆ ಕಟ್ಟಿದಳು. ಪೊಲೀಸರ ಹೆಲಿಕಾಪ್ಟರಿಗೆ ಕಾಣದಂತೆ ಓಕ್ ಮರಗಳ ಕೆಳಗೆ ಅಡಗಿರುತ್ತಿದ್ದ ಗಿಡಗಳು ಬಟ್ಟೆಯ ಚೀಲಗಳಲ್ಲಿ ಬೇಲಿಯೊಳಗಿನ ಬಟಾಬಯಲಿಗೆ ಬಂದು ನಿಂತವು. ಅವನ್ನು ನೋಡಲು ಅವಳಿಗೇ ನಾಚಿಕೆಯಾಗುತ್ತಿತ್ತು.

“ನಮ್ಮನ್ನ ಹಿಡಿಯೋಕೆ ಹೊಸ ಬಲೆ ಬೀಸಿದಾರೆ ಕಣೋ,” ಎಂದಳು, ಬೆಟ್ಟದ ಬುಡದ ಮನೆಯ ಲೈಲ್‌ಗೆ.

“ಬಲೆ ಆದ್ರೆ ಲೈಸೆನ್ಸಿಗೆ ಫೀಸ್ ಯಾಕೆ ತಗೋತಾರೆ ಮಾರಾಯ್ತಿ? ದುಡ್ಡು ಕೊಟ್ಟು ಬಲೆಗೆ ಬೀಳೋ ಮೀನು ಎಲ್ಲಾದ್ರೂ ಉಂಟಾ?”

“ಇದೆಯಲ್ಲ, ನಿನ್ನೆದುರಿಗೇ ನಿಂತಿದೆ.”

ಲೈಸೆನ್ಸ್ ಸಿಗದಿದ್ದರೆ ಅಧಿಕಾರಿಗಳು ಗಿಡಗಳನ್ನು ಕಡಿದು ಹಾಕುತ್ತಾರೆ. ಈ ಬೆಳೆ ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ, ಬೆಟ್ಟವನ್ನೇ ಮಾರಿ ಇಳಿಯಬೇಕು. ಹಾಗಾಗಿ ಸರ್ಕಾರದವರು ಗಿಡಗಳ ತಪಾಸಣೆಗೆ ಬರುವ ದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಬ್ಲ್ಯಾಕ್‌ಬೆರಿ ಹಣ್ಣಿನ ಪೈ ಬೇಯಿಸಿಟ್ಟು, ನೆಂಟರಿಗೆ ಕಾಯುವಂತೆ ಕಾದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಸರ್ಕಾರಿ ಗಾಡಿ ಬೆಟ್ಟದ ದಾರಿಗೆ ತಿರುಗಿದ್ದು ಕಂಡರೆ ಮೇಲಿನವರನ್ನು ಎಚ್ಚರಿಸಲು ಬುಡದ ಮನೆಯವರು ಗಂಟೆ ಬಾರಿಸುವುದು ಅಲ್ಲಿಯ ಹಳೆಯ ಕಟ್ಟುಪಾಡು. ಬರುವವರು ಯಾರೆಂದು ಲೈಲ್‌ಗೆ ಗೊತ್ತಿತ್ತು. ಆದರೆ ಬಿಳಿ ಗಾಡಿ ಕಂಡದ್ದೇ ತಡ, ಅವನ ಕೈ ಹಗ್ಗಕ್ಕೆ ಹೋಗಿತ್ತು.

ವರ್ನಾಗೂ ಗೊತ್ತಿತ್ತು, ಅವಳ ಕಾಲುಗಳಿಗೆ ಗೊತ್ತಿರಲಿಲ್ಲ. ಮೈಮೇಲೆ ಎಚ್ಚರ ಬರುವಷ್ಟರಲ್ಲಿ ಚೀಲಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹಳ್ಳಕ್ಕೆ ಸಾಗಿಸಿ, ಪೊದೆಗಳಡಿ ಅಡಗಿಸಿಯಾಗಿತ್ತು. ನಂಬರಿದ್ದದ್ದು ಮೊದಲು ಬೆಂಕಿಗೆ ಎಂಬ ಹಳೆಯ ಅಭ್ಯಾಸಕ್ಕೆ ಸರ್ಕಾರದ ಪಟ್ಟಿಗಳು ಒಲೆಯಲ್ಲಿ ಕರಗಿ ನಾರುತ್ತಿದ್ದವು. ಲೈಲ್‌ನ ಫೋನು ಬಂತು.

“ಅಯ್ಯೋ ವರ್ನಾ, ಬಾರಿಸಿಬಿಟ್ಟೆ ಕಣೇ!”

“ಕೇಳಿಸ್ತು ಬಿಡೋ, ಹಾಳಾದವನೇ! ನಾನೂ ಎಲ್ಲ ಮಾಡಿ ಮುಗಿಸಿಬಿಟ್ಟೆ!”

ತಪಾಸಣೆಗೆ ಬಂದವಳು ಮಾರಿಸೆಲಾ ಓಚೋವಾ, ಮಗಳ ವಯಸ್ಸಿನ ಹುಡುಗಿ. ಬೀಗ ಹಾಕಿದ ಬೇಲಿಯೊಳಗಿನ ಖಾಲಿ ಮಣ್ಣನ್ನು ಒಮ್ಮೆ ನೋಡಿದಳು, ಮುದುಕಿಯನ್ನು ಒಮ್ಮೆ ನೋಡಿದಳು.

“ಗಿಡ ಎಲ್ಲಮ್ಮಾ?”

“ಯಾವ ಗಿಡ?”

“ನೀವೇ ಅರ್ಜಿ ಹಾಕಿದ್ರಲ್ಲ, ಆ ಗಿಡ.”

“ನಾನು ಟೊಮ್ಯಾಟೊ ಬೆಳೆಯೋಳು.”

ಹೇಳಿದ ಮೇಲೆ ವರ್ನಾಗೇ ದಿಗಿಲಾಯಿತು. ಇದೇನು ಆಡುತ್ತಿದ್ದೇನೆ? ಮಾರಿಸೆಲಾ ಮಾತು ಬೆಳೆಸದೆ ತಳ್ಳುಗಾಡಿಯ ಗುರುತು ಹಿಡಿದು ಹಳ್ಳಕ್ಕೆ ಇಳಿದಳು. ವರ್ನಾ ಹಿಂದೆಯೇ ಏದುಸಿರು ಬಿಡುತ್ತಾ ಹೋದಳು.

“ಇವು ಯಾರವು?”

“ಗೊತ್ತಿಲ್ಲ. ಯಾರೋ ತಂದು ಬಿಟ್ಟು ಹೋಗಿರ್ಬೇಕು.”

ಮಾರಿಸೆಲಾ ಹಣೆ ಉಜ್ಜಿಕೊಂಡಳು. “ನೋಡಿಮ್ಮಾ, ಪಟ್ಟಿ ಹಾಳಾಗಿದ್ರೆ ಬೇರೆ ಕೊಡಿಸ್ತೀನಿ. ಆದ್ರೆ ದಿಕ್ಕಿಲ್ಲದ ಗಿಡ ಅಂದ್ರೆ ಇವತ್ತೇ ಕಡಿಸಬೇಕು. ನನ್ನವು ಅಂತ ಒಂದು ಮಾತು ಹೇಳಿ, ಸಾಕು.”

ಆ ಒಂದು ಮಾತನ್ನು ಅವಳ ಗಂಡ ರಾಯ್ಸ್ ಇದೇ ಹಳ್ಳದಲ್ಲಿ ನಿಂತು ಹೇಳಿದ್ದ. ಅಂದು ಪೊಲೀಸರು ಇದೇ ಪ್ರಶ್ನೆ ಕೇಳಿದಾಗ, ‘ನನ್ನವು, ಅವಳಿಗೇನೂ ಗೊತ್ತಿಲ್ಲ’ ಎಂದು ಮುಂದೆ ಬಂದಿದ್ದ. ಬೀಜ ಹಾಕಿ ನೀರೆರೆದವಳು ವರ್ನಾ. ಅವನಿಗೆ ಗಂಡು ಗಿಡ ಯಾವುದು, ಹೆಣ್ಣು ಗಿಡ ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ. ಜೈಲಿನಿಂದ ಕೆಮ್ಮು ಹೊತ್ತು ಬಂದವನು ಹೆಚ್ಚು ದಿನ ಉಳಿಯಲಿಲ್ಲ. ಅದೇ ಮಾತಿಗೆ ಆಗ ಜೈಲು, ಈಗ ಲೈಸೆನ್ಸ್. ಗಿಡ ಅದೇ, ಹಳ್ಳ ಅದೇ. ಹಾಗಾದರೆ ಅವನು ಹೋದದ್ದು ಯಾತಕ್ಕೆ? ಎಷ್ಟು ತಿಣುಕಿದರೂ ಅವಳಿಗೆ ಅರ್ಥವಾಗಲಿಲ್ಲ. ಸಿಟ್ಟು ಬಂತು, ಅಳು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

“ಅಮ್ಮಾ?”

“ನನ್ನವು,” ಎಂದಳು ವರ್ನಾ. “ಇವೂ ನನ್ನವೇ. ಆವತ್ತಿನವೂ ನನ್ನವೇ.”

“ಯಾವತ್ತಿನವು?”

ವರ್ನಾ ಮಣ್ಣು ಮೆತ್ತಿದ ಎರಡೂ ಕೈಗಳನ್ನು ಜೋಡಿಸಿ, ಬೇಡಿ ತೊಡಿಸಿಕೊಳ್ಳುವವಳಂತೆ, ಆ ಹುಡುಗಿಯ ಮುಂದೆ ಚಾಚಿದಳು.

“ಕೈ ಯಾಕಮ್ಮಾ ಹಾಗೆ ಹಿಡಿದಿದ್ದೀರಿ?” ಎಂದಳು ಮಾರಿಸೆಲಾ, ನಿಜಕ್ಕೂ ಏನೂ ತಿಳಿಯದೆ.

ಕೈ ಇಳಿಸಬಹುದೋ ಇಲ್ಲವೋ ವರ್ನಾಗೆ ಗೊತ್ತಾಗಲಿಲ್ಲ. ಹಾಗೇ ನಿಂತಿದ್ದಳು.